ಮೇಲಿನ ಮನೆಯ ರೊಟ್ಟಿ ಸದ್ದು

ಹೈದರಾಬಾದಿನ ಮಣಿಕೊಂಡದ ಫ್ಲ್ಯಾಟಿನ ಅಡುಗೆಮನೆಯನ್ನು ಒಡೆಸಿ ಹೊಸದಾಗಿ ಮಾಡಿಸಿದ ಮೇಲೆ ಕಾಶಿನಾಥ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಹಾಲಿನ ಬಣ್ಣದ ಕಟ್ಟೆ, ಮೆಲ್ಲಗೆ ತಳ್ಳಿದರೆ ತಾನೇ ಮುಚ್ಚಿಕೊಳ್ಳುವ ಡ್ರಾಯರು, ಒಲೆಯ ಮೇಲೆ ಹೊಗೆ ಎಳೆಯುವ ಚಿಮಣಿ. ಬಾಗಿಲ ಒಳಗೆ ಚಪ್ಪಲಿಗೆಂದೇ ಒಂದು ಬೀರು ಬೇರೆ. ಮನೆಯವರ ಚಪ್ಪಲಿ ಅದರೊಳಗೆ, ಕೆಲಸಕ್ಕೆ ಬರುವವರದು ಬಾಗಿಲ ಹೊರಗೆ. ಮಾದಾಪುರದಲ್ಲಿ ಗಾಜಿನ ಆಫೀಸುಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಅಲ್ಲಿ ಕೆಲಸ ಸಿಕ್ಕವರು ಇಲ್ಲಿ ಫ್ಲ್ಯಾಟು ಕೊಳ್ಳುತ್ತಿದ್ದರು, ಕೊಂಡ ಮರುದಿನವೇ ಏನಾದರೊಂದನ್ನು ಒಡೆಸುತ್ತಿದ್ದರು. ಒಡೆಸದಿದ್ದರೆ ಮನೆ ತಮ್ಮದಾದಂತೆ ಅವರಿಗೆ ಅನಿಸುತ್ತಿರಲಿಲ್ಲವೋ ಏನೋ.

ಹೊಸ ಅಡುಗೆಮನೆಗೆ ಹೊಂದದೆ ಉಳಿದದ್ದು ಕಾಶಿನಾಥನ ತಾಯಿ ಗುಣವತಿ ಮಾತ್ರ. ಗಂಡನಿಗೆ ಕುಷಾಯಿಗೂಡದ ಸರಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಸುರಪುರದ ಕಡೆಯಿಂದ ಹೈದರಾಬಾದಿಗೆ ಬಂದವಳು. ತರಕಾರಿಯವನ ಜೊತೆ ತೆಲುಗು, ಬಸ್ಸಿನಲ್ಲಿ ಹಿಂದಿ, ಮನೆಯೊಳಗೆ ತನ್ನ ಕನ್ನಡ ಎಂದು ಅರ್ಧ ಆಯುಷ್ಯ ಕಳೆದಿದ್ದಳು. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬರುವಾಗ ಹಂಚನ್ನೂ ರೊಟ್ಟಿ ಬಡಿಯುವ ಕಲ್ಲನ್ನೂ ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದಳು. ಬೆಳಿಗ್ಗೆ ಜೋಳದ ರೊಟ್ಟಿ ಬಡಿಯದಿದ್ದರೆ ಆಕೆಗೆ ಬೆಳಗಾದಂತೆಯೇ ಅಲ್ಲ.

ಅಡುಗೆಮನೆ ಮಾಡಿಸಿಕೊಟ್ಟ ಡಿಸೈನರ್ ಹುಡುಗಿ ಕಟ್ಟೆಯ ಮೇಲೆ ಏನನ್ನೂ ಕುಟ್ಟಬೇಡಿ, ಬಡಿಯಬೇಡಿ ಎಂದು ಹೇಳಿ ಹೋಗಿದ್ದಳು. ಮಗ ಅದನ್ನೇ ತಾಯಿಗೆ ಒಪ್ಪಿಸಿದ. ಮೈಸೂರು ಕಡೆಯ ಸೊಸೆ ಮಾನಸಾ, ಚಪಾತಿ ಲಟ್ಟಿಸಿದರೆ ಸದ್ದೇ ಇರುವುದಿಲ್ಲವಲ್ಲ ಅತ್ತೆ ಎಂದು ಮೆಲ್ಲಗೆ ಹೇಳಿ ನೋಡಿದಳು. ಗುಣವತಿ ವಾದ ಮಾಡುವವಳಲ್ಲ, ಬಿಡುವವಳೂ ಅಲ್ಲ. ಕಲ್ಲನ್ನು ಎತ್ತಿಕೊಂಡು ಪಾತ್ರೆ ತೊಳೆಯುವ ಹಿಂದಿನ ಬಾಲ್ಕನಿಗೆ ಹೋದಳು. ಅಲ್ಲಿ ಹಳೆಯ ಒಂಟಿ ಒಲೆ ಹೂಡಿಕೊಂಡು, ಬರಿ ನೆಲದ ಮೇಲೆ ಕಲ್ಲಿಟ್ಟು, ಪಕ್ಕದಲ್ಲಿ ಕುಳಿತು ಬಡಿಯತೊಡಗಿದಳು. ಕಟ್ಟೆ ಉಳಿಯಿತು. ಪೆಟ್ಟೆಲ್ಲ ಕೆಳಗಿನ ಮನೆಯವರ ನೆತ್ತಿಯ ಮೇಲೆ ಬೀಳತೊಡಗಿತು.

ಕೆಳಗಿನ ಮನೆಗೆ ಹೊಸದಾಗಿ ಬಂದವರು ಸೀತಾರಾಮ್ ಮತ್ತು ಅವರ ಹೆಂಡತಿ ಶಾಮಲಾ. ಸೀತಾರಾಮ್ ಕಾಶಿನಾಥನ ಆಫೀಸಿನಲ್ಲಿ ಅವನ ಬಾಸಿಗೂ ಬಾಸು. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಇಬ್ಬರೇ ಸಿಕ್ಕಾಗ ಅವರು ನಗುತ್ತ, ನಿಮ್ಮ ಬಾಲ್ಕನಿಯಿಂದ ಬೆಳಿಗ್ಗೆ ಒಂದು ಸದ್ದು ಬರುತ್ತದಲ್ಲ ಎಂದು ಮಾತು ತೆಗೆದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರ ಮಾತು ಮುಗಿಯುವ ಮೊದಲೇ ಕಾಶಿನಾಥ, ಕ್ಷಮಿಸಿ ಸರ್, ಅಡುಗೆಯಾಕೆ ಹೊಸಬಳು, ಹಳ್ಳಿಯವಳು, ಇವತ್ತೇ ಹೇಳುತ್ತೇನೆ ಎಂದುಬಿಟ್ಟ. ಲಿಫ್ಟಿನ ಬಾಗಿಲು ತೆರೆಯಿತು. ಹೋಗುತ್ತ ಹೋಗುತ್ತ ಸೀತಾರಾಮ್, ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ತಾಯಿಯವರು ಜೊತೆಗಿದ್ದರೆ ಅವರನ್ನೂ ಕರೆತನ್ನಿ ಎಂದರು. ತಾಯಿ ಊರಲ್ಲಿದ್ದಾರೆ ಸರ್ ಎಂದ ಕಾಶಿನಾಥ. ಒಮ್ಮೆ ಅಡುಗೆಯವಳು ಎಂದಾದ ಮೇಲೆ ತಾಯಿಯನ್ನು ಎಲ್ಲಾದರೂ ಇಡಬೇಕಲ್ಲ!

ಕ್ಯಾಬಿನಲ್ಲಿ ಕುಳಿತಾಗ ಅವನಿಗೆ ನಾಚಿಕೆಯಾಯಿತು. ಸುಳ್ಳು ಹೇಳಿದ್ದಕ್ಕಿಂತ, ಅದು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ. ಮಾನಸಾಳಿಗೆ ಹೇಳಿದಾಗ ಅವಳು ಥೂ ಎಂದಳು. ಆದರೆ ಕೆಳಗೆ ಹೋಗಿ ಸರಿಪಡಿಸು ಎಂದು ಅವಳೂ ಹೇಳಲಿಲ್ಲ.

ಎರಡು ದಿನ ಬಿಟ್ಟು, ಇಬ್ಬರೂ ಆಫೀಸಿಗೆ ಹೋದ ಹೊತ್ತಿನಲ್ಲಿ, ಶಾಮಲಾ ಮೇಲೆ ಬಂದು ಗಂಟೆ ಒತ್ತಿದರು. ಜೋಳದ ಹಿಟ್ಟಿನ ಕೈಯಲ್ಲೇ ಗುಣವತಿ ಬಾಗಿಲು ತೆಗೆದಳು. ಶಾಮಲಾ ತೆಲುಗಿನಲ್ಲಿ, ಇಲ್ಲಿ ಅಡುಗೆ ಮಾಡುವವರು ನೀವೇ ತಾನೆ, ನಿಮ್ಮ ಸಾರ್ ಹೇಳಿದರು ಎಂದರು. ದೂರಲು ಬಂದದ್ದಲ್ಲ ಎಂದೂ ಹೇಳಿದರು. ಗಂಡ ಜಹೀರಾಬಾದ್ ಕಡೆಯವರು, ಜೋಳದ ರೊಟ್ಟಿಯಲ್ಲೇ ಬೆಳೆದವರು. ಮೇಲಿನಿಂದ ಆ ಸದ್ದು ಕೇಳಿದಾಗಿನಿಂದ ಅವರಿಗೆ ಬೆಳಿಗ್ಗೆ ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿಲ್ಲ. ಭಾನುವಾರ ಮನೆಗೆ ಜನ ಬರುತ್ತಾರೆ, ಒಂದು ಹೊತ್ತು ಬಂದು ರೊಟ್ಟಿ ಬಡಿದುಕೊಡುತ್ತೀರಾ ಎಂದು ಕೇಳಿದರು.

ಗುಣವತಿ ಕೆನ್ನೆಗೆ ಹೊಡೆಸಿಕೊಂಡವಳಂತೆ ನಿಂತಳು. ನಿಮ್ಮ ಸಾರ್ ಎಂದರೆ ಯಾರು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಲ್ಲಮ್ಮ, ನಾನು ಅವನ ತಾಯಿ ಎಂದರೆ ನಾಲ್ಕು ಜನರೆದುರು ಮಗ ಸುಳ್ಳನಾಗುತ್ತಾನೆ. ಬರುತ್ತೇನೆ ಎಂದಳು. ತಾಯಿಯ ಕರುಳು ಎಂದು ಇದನ್ನು ಹೊಗಳುವವರು ಹೊಗಳಲಿ. ಅದರಲ್ಲಿ ಅರ್ಧಕ್ಕರ್ಧ ಸಿಟ್ಟೂ ಇತ್ತು.

ಸಂಜೆ ಮಗನನ್ನು ಏನೂ ಕೇಳಲಿಲ್ಲ. ಭಾನುವಾರ ಕುಷಾಯಿಗೂಡಕ್ಕೆ, ಹಳೆಯ ನೆರೆಯವಳಾದ ಶಂಕ್ರಮ್ಮನ ಮನೆಗೆ ಹೋಗುತ್ತೇನೆ ಎಂದಳು. ಕಾಶಿನಾಥನಿಗೆ ಹಾಯೆನಿಸಿತು. ತಮಗೂ ಅಂದು ಆಫೀಸಿನವರ ಊಟವಿದೆ ಎಂದ, ಯಾರ ಮನೆಯಲ್ಲಿ ಎಂದು ಹೇಳಲಿಲ್ಲ.

ಭಾನುವಾರ ಸೀತಾರಾಮ್ ಅವರ ಬಾಗಿಲು ತೆರೆದ ಕೂಡಲೇ ಸದ್ದು ಕೇಳಿಸಿತು. ಎರಡು ಮೆಲ್ಲನೆಯ ಪೆಟ್ಟು, ಒಂದು ಜೋರು, ನಡುವೆ ಕಲ್ಲನ್ನು ಸವರುವ ಅಂಗೈಯ ದನಿ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಕಾಶಿನಾಥನ ಕಾಲು ಹೊಸ್ತಿಲಲ್ಲೇ ನಿಂತಿತು. ಸೀತಾರಾಮ್ ಅವನ ಹೆಗಲ ಮೇಲೆ ಕೈಯಿಟ್ಟು, ನಿಮ್ಮ ಅಡುಗೆಯಾಕೆಯನ್ನು ಕದ್ದುಬಿಟ್ಟೆವು ಎಂದು ನಕ್ಕರು. ಅಂದು ಲಿಫ್ಟಿನಲ್ಲಿ ಇದನ್ನೇ ಕೇಳಹೊರಟಿದ್ದೆ, ನೀವು ಹೇಳಲು ಬಿಡಲಿಲ್ಲ ಎಂದರು.

ಊಟಕ್ಕೆ ಕುಳಿತರು. ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಎಲ್ಲ ಕಾಶಿನಾಥನ ಮನೆಯ ಊಟವೇ. ಸೆರಗನ್ನು ತಲೆಯ ಮೇಲೆ ಹೊದ್ದು, ಬುಟ್ಟಿಯಲ್ಲಿ ಬಿಸಿ ರೊಟ್ಟಿ ಹಿಡಿದು ಗುಣವತಿ ಹೊರಗೆ ಬಂದಳು. ಮಗನನ್ನು ಕಂಡಾಗ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಆಮೇಲೆ ಸಾಲಾಗಿ ಬಡಿಸುತ್ತ ಅವನ ಹತ್ತಿರ ಬಂದು ನಿಂತಳು.

"ರೊಟ್ಟಿ ಹಾಕ್ಲೇನ್ರಿ, ಸಾಹೇಬ್ರ?" ಎಂದಳು.

ಮೇಜಿನ ಕೆಳಗೆ ಮಾನಸಾ ಅವನ ಕಾಲು ತುಳಿದಳು. ಹೇಳು ಎಂದೋ, ಹೇಳಬೇಡ ಎಂದೋ, ಅವಳಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಶಾಮಲಾ, ಇವರ ತಾಯಿ ಊರಲ್ಲಿದ್ದಾರಂತೆ, ಈ ರೊಟ್ಟಿ ತಿನ್ನುವಾಗ ಪಾಪ ನೆನಪಾಗುತ್ತಿರಬೇಕು ಎಂದು ಗುಣವತಿಗೇ ತೆಲುಗಿನಲ್ಲಿ ಹೇಳಿದರು. ಗುಣವತಿ ತಿರುಗಿ ಮಗನ ಮುಖ ನೋಡಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಈಗಲಾದರೂ ಹೇಳುತ್ತಾನೋ ಎಂದು ಕಾಯುತ್ತಿದ್ದಳು, ಅಷ್ಟೇ. ಎಲ್ಲರೂ ತಿನ್ನುವುದರಲ್ಲಿದ್ದರು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

"ಇವರು..." ಎಂದ ಕಾಶಿನಾಥ. ಸೀತಾರಾಮ್ ತಲೆಯೆತ್ತಿದರು.

"ಇವರು ರೊಟ್ಟಿ ಚೆನ್ನಾಗಿ ಮಾಡ್ತಾರೆ ಸರ್."

ಗುಣವತಿ ಅವನ ತಟ್ಟೆಗೆ ಒಂದು ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆಯಿಟ್ಟು ಒಳಗೆ ಹೋದಳು. ಅವನು ತಿಂದ. ಮತ್ತೆ ಬಡಿಸಲು ಬಂದಾಗಲೂ ತಲೆಯೆತ್ತದೆ ತಿಂದ. ಭೂಮಿ ಬಾಯಿ ಬಿಡಲಿ ಎಂದು ಹಾರೈಸಿದ, ಆದರೆ ಅದರ ಕೆಳಗೂ ಯಾರದೋ ಫ್ಲ್ಯಾಟು.

ಹೊರಡುವಾಗ ಸೀತಾರಾಮ್ ದಂಪತಿಗಳು ಲಿಫ್ಟಿನವರೆಗೆ ಬಂದರು. ಶಾಮಲಾ ಕೊಟ್ಟ ಬಾಳೆಹಣ್ಣನ್ನು ಕೈಚೀಲದಲ್ಲಿಟ್ಟುಕೊಂಡು ಗುಣವತಿಯೂ ಹಿಂದೆಯೇ ಬಂದಳು. ಮಾನಸಾ ಜಾಗ ಬಿಟ್ಟು ಸರಿದು ನಿಂತಳು. ಗುಣವತಿ ಒಳಗೆ ಕಾಲಿಡಲಿಲ್ಲ. ನೀವು ಹೋಗಿರಿ, ನಾನು ಮೆಟ್ಟಿಲು ಹತ್ತಿ ಬರುತ್ತೇನೆ ಎಂದಳು. ಬಾಗಿಲು ಮುಚ್ಚಿಕೊಂಡಿತು. ನೀವು ಹೇಳಬೇಕಿತ್ತು ಎಂದಳು ಮಾನಸಾ. ನೀನೂ ಹೇಳಬಹುದಿತ್ತು ಎಂದ ಕಾಶಿನಾಥ.

ಮೇಲೆ ಬಂದು ಮಾನಸಾ ಬೀಗ ತೆಗೆದಳು. ಕಾಶಿನಾಥ ಮೆಟ್ಟಿಲ ತುದಿಯಲ್ಲೇ ನಿಂತ. ಮಂಡಿನೋವಿನ ಹೆಜ್ಜೆ ತಡೆತಡೆದು ಹತ್ತಿ ಬಂತು. ಕೈಚೀಲ ಇಸಿದುಕೊಳ್ಳಲು ಅವನು ಕೈ ಚಾಚಿದ. ಆಕೆ ಕೊಡಲಿಲ್ಲ.

"ಅವ್ವಾ, ತಪ್ಪಾತು," ಎಂದ.

ಗುಣವತಿ ಗೋಡೆ ಹಿಡಿದು ಉಸಿರು ತೆಗೆದುಕೊಂಡಳು.

"ನಿಮ್ಮವ್ವ ಊರಾಗ ಅದಾಳಂತಲ್ರಿ, ಸಾಹೇಬ್ರ. ಬಂದಾಗ ಆಕೀಗಿ ಹೇಳ್ರಿ."

ಹಾಗೆಂದು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋದಳು.