ಮುಯ್ಯಾಳಿನ ರಕ್ತ

ಕಾರ್ತಿಕ ಮಾಸ, ಮೆಕ್ಕೆಜೋಳ ಮುರಿಯುವ ಕಾಲ. ಆಗಷ್ಟೇ ಕೋಳಿ ಕೂಗಿತ್ತು. ಬಿಳಿಚೋಡಿನ ಹತ್ತಿರದ ಹಟ್ಟಿಯಲ್ಲಿ ಶಾಲೆಯ ಜಗಲಿ ಮೇಲೆ ಜನ ಬರಿಹೊಟ್ಟೆಯಲ್ಲಿ ಸಾಲಾಗಿ ಕೂತಿದ್ದರು. ಎಲ್ಲ ಶುರುವಾದದ್ದು ಅಲ್ಲಿಂದ.

ಜಗಳೂರಿನ ಮಾಸ್ತರರ ಮಗಳು ಸಂಘಮಿತ್ರಾ ಸಕ್ಕರೆ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಇದು ದಪ್ಪಗಿರುವವರ ರೋಗ ಅಂತ ಜನ ತಿಳಿದಿದ್ದಾರೆ, ಕೂಲಿ ಮಾಡಿ ಕಡ್ಡಿಯಂತಾದವರ ಹೊಟ್ಟೆಯೊಳಗೂ ಕಣ್ಣಿಗೆ ಕಾಣದ ಕೊಬ್ಬು ಕೂತಿರುತ್ತದೆ, ಅದನ್ನು ತೋರಿಸಿಕೊಡಬೇಕು ಅನ್ನುವುದು ಅವಳ ಹಟ. ಮನೆಮನೆಗೆ ತಿರುಗಲು ಸುಂಕಲಮ್ಮನನ್ನು ಜೊತೆ ಮಾಡಿಕೊಂಡಿದ್ದಳು. ಸುಂಕಲಮ್ಮನಿಗೆ ಓದು ಬರುತ್ತಿರಲಿಲ್ಲ, ಆದರೆ ಹಟ್ಟಿಯ ಅಷ್ಟೂ ಹೆಸರು ಬಾಯಲ್ಲಿದ್ದವು.

ಮೊದಲ ವಾರ ತೂಕ, ಆಮೇಲೆ ಟೇಪು ಹಿಡಿದು ಸೊಂಟದ ಅಳತೆ. "ಜಂಪರ್ ಹೊಲಿಯಾಕೆ ಬಂದೀಯೇನವ್ವಾ? ನಂದಕ್ಕೆ ತೋಳು ಉದ್ದ ಇಡು," ಎಂದು ಮುದುಕಿಯೊಬ್ಬಳು ಅಂದಿದ್ದಕ್ಕೆ ಓಣಿಯೆಲ್ಲ ನಕ್ಕಿತ್ತು. ಸುಂಕಲಮ್ಮನ ಗಂಡ ಚಿಕ್ಕಹನುಮಂತಪ್ಪನೂ ಅಂಗಿ ಎತ್ತಿ ನಿಂತು ನಾಚಿಕೊಂಡಿದ್ದ.

ರಕ್ತ ಕೊಡುವ ದಿನ ಅವನು ಊರಲ್ಲಿರಲಿಲ್ಲ. ಸಂತೇಬೆನ್ನೂರಿನ ಕಡೆ ಮೆಕ್ಕೆಜೋಳ ಮುರಿಯಲು ಕೂಲಿಗೆ ಹೋಗಿದ್ದ. ಹಟ್ಟಿಯಲ್ಲಿ ಹಳೆಯ ಪದ್ಧತಿಯೊಂದಿತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಹೀಗೆ ಹೋಗುವವರನ್ನು ಮುಯ್ಯಾಳು ಅನ್ನುತ್ತಾರೆ. ಒಪ್ಪಿಕೊಂಡ ಮೇಲೆ ಮನೆಯಿಂದ ಒಂದು ಆಳು ಹೋಗಬೇಕು, ಯಾರು ಹೋದರೂ ನಡೆಯುತ್ತದೆ. ಸುಂಕಲಮ್ಮ ಅದೇ ಲೆಕ್ಕದಲ್ಲಿ ಮೈದುನ ಕೆಂಚೇಶನನ್ನು ಕೂರಿಸಿದಳು. ಒಂದೇ ಒಲೆಯ ಮುದ್ದೆ ಉಣ್ಣುವವರಿಗೆ ಬೇರೆ ಬೇರೆ ಕಾಯಿಲೆ ಎಲ್ಲಿಂದ ಬಂದೀತು ಅಂದುಕೊಂಡಳು.

ಸಂಘಮಿತ್ರಾ ಒಳಗೆ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಸೂಜಿ ಚುಚ್ಚುವವರು ಪರವೂರಿನವರು, ಮುಖಪರಿಚಯವಿಲ್ಲ. ಹೆಸರು ಕೂಗುತ್ತಿದ್ದವಳು ಸುಂಕಲಮ್ಮ. ಗಂಡನ ಸರದಿ ಬಂದಾಗ ಅವಳಿಗೆ ಬಾಯಿ ಏಳಲಿಲ್ಲ. ಹೆಂಡತಿಯಾದವಳು ಗಂಡನ ಹೆಸರು ಹೇಳುವುದುಂಟೆ? ಸೆರಗನ್ನು ಬಾಯಿಗಿಟ್ಟುಕೊಂಡು ಸುಮ್ಮನಾದಳು. ಸೂಜಿಯವರೇ ಪಟ್ಟಿ ನೋಡಿ ಓದಿದರು. ಕೆಂಚೇಶ ಹೂಂ ಅಂದು ತೋಳು ಚಾಚಿದ.

ಹದಿನೈದು ದಿನಕ್ಕೆ ಕಾರ್ಡುಗಳು ಬಂದವು. ಚಿಕ್ಕಹನುಮಂತಪ್ಪನದರಲ್ಲಿ ಸಕ್ಕರೆ ಇಲ್ಲ ಅಂತ ಬರೆದಿತ್ತು. ತಮ್ಮ ಕೊಟ್ಟರೇನು, ತಾನು ಕೊಟ್ಟರೇನು, ಒಂದೇ ರಕ್ತ ಅಂದುಕೊಂಡು ಅವನು ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ. ಮರುವರ್ಷದ ಬೇಸಿಗೆಯಲ್ಲಿ ಕೊಡಗಟ್ಟಲೆ ನೀರು ಕುಡಿಯತೊಡಗಿದ. ಬಿಸಿಲಿಗೆ ಹಾಗೆ ಅಂದರು. ಮೈ ಇಳಿಯಿತು. ದುಡಿತಕ್ಕೆ ಹಾಗೆ ಅಂದರು. ಕಾಲಿಗೆ ಜಾಲಿಮುಳ್ಳು ಚುಚ್ಚಿ, ಕೀವು ತುಂಬಿ, ಗಾಯ ಮಾಯದಾದಾಗ ಸುಂಕಲಮ್ಮ ಆಸ್ಪತ್ರೆಗೆ ಕರೆದಳು.

"ಸಕ್ಕರೆ ಇಲ್ಲ ಅಂತ ಅಷ್ಟು ಓದಿದ ಹುಡುಗಿ ಬರೆದುಕೊಟ್ಟೈತೆ. ನಿನಗೆ ಅದಕ್ಕಿಂತ ಜಾಸ್ತಿ ಗೊತ್ತೈತೇನು?" ಅಂದ ಅವನು.

ಅವಳಿಗೂ ಅದು ನಿಜವೆನ್ನಿಸಿತು. ಕೊನೆಗೆ ಹೋದಾಗ ನಂಜು ತೊಡೆಗೇರಿತ್ತು. ಡಾಕ್ಟರು ವಿಪರೀತ ಸಕ್ಕರೆ ಇದೆ ಅಂದರು. ಅವಳು ಕವರಿನಿಂದ ಕಾರ್ಡು ತೆಗೆದು ತೋರಿಸಿದಳು. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಇವರ ರಕ್ತವೇನಮ್ಮ ಅಂತ ಕೇಳಿದರು. ಅವಳು ಕಾರ್ಡನ್ನು ಇಸಿದುಕೊಂಡು ಮತ್ತೆ ಕವರಿನೊಳಗಿಟ್ಟಳು. ಮೂರನೇ ದಿನಕ್ಕೆ ಅವನು ತೀರಿಕೊಂಡ.

ನಾಲ್ಕು ತಿಂಗಳು ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಸುಗ್ಗಿಗೆ ಹೋದವರ ಬದಲು ರಕ್ತ ಕೊಟ್ಟ ದಿನ ಇನ್ನೂ ಹತ್ತು ಮನೆಯಿಂದ ಮುಯ್ಯಾಳುಗಳು ಕೂತಿದ್ದರು. ಆ ಹತ್ತು ಮನೆಯ ಗೂಡುಗಳಲ್ಲೂ ಅಂಥದೇ ಕಾರ್ಡುಗಳಿದ್ದವು. ಹೇಳಿದರೆ ಹುಡುಗಿಯ ವರ್ಷಗಳ ದುಡಿಮೆ ಮಣ್ಣುಪಾಲು. ಹೇಳದಿದ್ದರೆ ಇನ್ಯಾವ ಮನೆಯ ದೀಪ ಆರುತ್ತದೋ.

ಕಾರ್ತಿಕದ ಒಂದು ಸೋಮವಾರ ಸಂಘಮಿತ್ರಾ ತನ್ನ ಸಂಶೋಧನೆ ಅಚ್ಚಾದ ಹಾಳೆಗಳನ್ನು ಹಿಡಿದು ಬಂದಳು. ಚಿಕ್ಕಹನುಮಂತಪ್ಪ ಮುಳ್ಳು ಚುಚ್ಚಿ ಹೋದ ಅಂತಷ್ಟೇ ಅವಳಿಗೆ ಗೊತ್ತು. ಸುಂಕಲಮ್ಮನ ಕೈ ಹಿಡಿದು ಅತ್ತಳು. ಆಮೇಲೆ ಕೊನೆಯ ಪುಟದಲ್ಲಿ ಉಪಕಾರ ನೆನೆದು ಅವಳ ಹೆಸರು ಹಾಕಿಸಿದ್ದನ್ನು ತೋರಿಸಿದಳು. ನಡುವಿನ ಪುಟದಲ್ಲಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳಿದ್ದವು. ಒಂದೊಂದು ಚುಕ್ಕೆಯೂ ಒಬ್ಬೊಬ್ಬ ಮನುಷ್ಯ, ಅವರ ಸೊಂಟದ ಅಳತೆ, ರಕ್ತದ ಸಕ್ಕರೆ ಎರಡೂ ಸೇರಿ ಒಂದು ಚುಕ್ಕೆ ಅಂತ ವಿವರಿಸಿದಳು.

"ನಮ್ಮೋರು ಯಾವುದವ್ವ?"

ಸಂಘಮಿತ್ರಾ ಹುಡುಕಿ ಒಂದರ ಮೇಲೆ ಬೆರಳಿಟ್ಟಳು. ಸುಂಕಲಮ್ಮ ಅದರ ಮೇಲೆ ತನ್ನ ಬೆರಳನ್ನೂ ಇಟ್ಟಳು.

"ಇದರಾಗೆ ಸೊಂಟ ಅವರದು, ರಕ್ತ ಮೈದುನಂದು. ಇಂಥವು ಇನ್ನೂ ಅದಾವೆ, ಬರಕೋ."

ಒಂದೊಂದೇ ಹೆಸರು ಹೇಳಿದಳು. ಹತ್ತಾದವು. ಆಮೇಲೆ ಬಾಯಿಗೆ ಹೋದ ಸೆರಗನ್ನು ತೆಗೆದು, ಮದುವೆಯಾದಂದಿನಿಂದ ನಾಲಿಗೆಗೆ ತಂದಿರದ ಹನ್ನೊಂದನೆಯದನ್ನೂ ಹೇಳಿದಳು. "ಚಿಕ್ಕಹನುಮಂತಪ್ಪ."

ಸಂಘಮಿತ್ರಾ ಅದನ್ನೂ ಬರೆದು ಪೆನ್ನು ಕೆಳಗಿಟ್ಟಳು. "ಬಂದು ಕೂತೋರು ಯಾರಂತ ನಾನೇ ಎದುರಿಗಿದ್ದು ನೋಡಬೇಕಿತ್ತು ದೊಡ್ಡವ್ವ. ತಪ್ಪು ನಂದೂ ಐತೆ," ಅಂದಳು.

ಅವಳು ಅಲ್ಲೇ ಉಳಿದು ಆ ಹತ್ತು ಮಂದಿಯನ್ನೂ ಹುಡುಕಿ, ಮುಖ ನೋಡಿ, ತಾನೇ ರಕ್ತ ತೆಗೆದಳು. ನಾಲ್ವರಿಗೆ ಸಕ್ಕರೆ ಇತ್ತು. ಅವರನ್ನು ಕರೆದೊಯ್ದು ಮಾತ್ರೆ ಶುರುಮಾಡಿಸಿದಳು. ಅಚ್ಚಾದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಪತ್ರಿಕೆಯವರಿಗೆ ಬರೆದಳು. ಹೊರಡುವಾಗ ಸುಂಕಲಮ್ಮ ಆ ಚುಕ್ಕೆಗಳ ಹಾಳೆಯೊಂದನ್ನು ಕೇಳಿ ಇಸಿದುಕೊಂಡು, ಗಂಡನ ಕಾರ್ಡಿದ್ದ ಕವರಿನಲ್ಲೇ ಇಟ್ಟಳು.

ಸಂಘಮಿತ್ರಾ ಬಸ್ಸು ಹತ್ತಿ ಹೋದದ್ದು ಗುರುವಾರ. ಚಿಕ್ಕಹನುಮಂತಪ್ಪ ಹೋದದ್ದು ಅದಕ್ಕೂ ನಾಲ್ಕು ತಿಂಗಳು ಮುಂಚೆ, ಆಷಾಢದ ಒಂದು ಮಂಗಳವಾರ.