ಅಟ್ಟದಿಂದ ಬಂದ ಕೂಗು

ಸದಾಶಿವಯ್ಯನವರ ಎಡಮಂಡಿ ಮಡಚಲಿಲ್ಲ. ಭಾವಮೈದ ಮರುಳಪ್ಪ ಮೊದಲು ಅಂಗೈಯಿಂದ ಒತ್ತಿದ, ಆಮೇಲೆ ತನ್ನ ಮಂಡಿಯನ್ನೇ ಅದರ ಮೇಲೆ ಊರಿದ. ಲಿಂಗಾಯತರ ಹೆಣ ಕೂತೇ ಮಣ್ಣಿಗೆ ಹೋಗಬೇಕು. ಜೀವ ಹೋದ ಕೂಡಲೇ ಕಾಲು ಮಡಿಸಿ ಗೋಡೆಗೆ ಒರಗಿಸಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಆದರೆ ಅವರು ಸಿಕ್ಕಿದ್ದೇ ತಡವಾಗಿ, ಕೊಬ್ಬರಿ ಅಟ್ಟದ ಮೇಲೆ, ಕಾಲು ಚಾಚಿಕೊಂಡು.

“ಬಿಸಿನೀರು ತಗಂಬಾರೋ,” ಎಂದ ಮರುಳಪ್ಪ.

ಫ್ಯಾಕ್ಟರಿಯ ಆಳು ಕಾಂತೇಶ್ ಬಕೆಟ್ ತಂದಿಟ್ಟ. “ಬದುಕಿದ್ದಾಗ್ಲೇ ಯಾರ ಮಾತಿಗೂ ಬಗ್ಗಿದೋರಲ್ಲ. ನೀರಿಗೆ ಬಗ್ತಾರಾ?”

ಯಾರೂ ಅವನನ್ನು ಗದರಲಿಲ್ಲ.

ಹೊರಗೆ ಅಂಗಳದಲ್ಲಿ ಸದಾಶಿವಯ್ಯನವರ ತೆಂಗಿನ ಪೌಡರ್ ಫ್ಯಾಕ್ಟರಿಯ ಹೆಂಗಸರು ಸಾಲಾಗಿ ಕೂತಿದ್ದರು. ಕಾಯಿಯ ಕಂದು ಸಿಪ್ಪೆ ಹೆರೆದು ಬಿಳಿ ತಿರುಳನ್ನು ಮಿಷನ್ನಿಗೆ ಕೊಡುವವರು. ಎಲ್ಲರೂ ನೀಲಿ ಏಪ್ರನ್ ಹಾಕಿಕೊಂಡೇ ಬರಬೇಕೆಂದು ಬೆಳಿಗ್ಗೆ ವಾಟ್ಸಾಪಿನಲ್ಲಿ ಆಜ್ಞೆ ಬಂದಿತ್ತು. ಏಪ್ರನ್ನಿನ ಎದೆಯ ಮೇಲೆ ‘ನಂಬಿಕೆಯೇ ನಮ್ಮ ಬಂಡವಾಳ’ ಎಂದು ಅಚ್ಚಾಗಿತ್ತು. ಬೆನ್ನ ಮೇಲೆ ನಂಬರು, ಕ್ಯಾಮೆರಾಗೆ ಕಾಣುವಂತೆ.

ಮಗ ಭುವನ್ ಹೊರಗೆ ಬಂದ. ಇತ್ತೀಚೆಗಷ್ಟೇ ಯಾವುದೋ ರೆಸಾರ್ಟಿನಲ್ಲಿ ನಾಯಕತ್ವದ ಶಿಬಿರ ಮುಗಿಸಿದ್ದ. ನೌಕರರ ಸಮಕ್ಕೆ ಕೂತು ಮಾತಾಡಬೇಕೆಂದು ಅಲ್ಲಿ ಕಲಿಸಿದ್ದರಿಂದ ನೆಲದ ಮೇಲೆ ಕೂತ. ಕೂರುವ ಮೊದಲು ಕರ್ಚೀಫು ಹಾಸಿದ.

“ನೋಡಿ, ನಾವೆಲ್ಲ ಒಂದೇ ಫ್ಯಾಮಿಲಿ. ಓಪನ್ನಾಗಿ ಮಾತಾಡಣ. ನಿನ್ನೆ ಅಪ್ಪ ಅಟ್ಟದಿಂದ ಕೂಗಿದ್ರಾ? ಯಾರಾದ್ರೂ ಕೇಳಿಸ್ಕೊಂಡ್ರಾ? ಹೇಳಿದ್ರೆ ನಾನೇನೂ ಮಾಡಲ್ಲ. ಟ್ರಸ್ಟ್ ಅಂದ್ರೆ ಅದೇ.”

ಅವನ ಬಿಳಿ ಅಂಗಿಯ ಜೇಬಿನಲ್ಲಿ ಮೊಬೈಲು ಈ ಮಾತುಕತೆಯನ್ನು ರೆಕಾರ್ಡ್ ಮಾಡುತ್ತಿತ್ತು. ಬಟ್ಟೆ ತೆಳ್ಳಗಿದ್ದುದರಿಂದ ಅದು ಎದುರಿಗಿದ್ದ ಪ್ರತಿಯೊಬ್ಬರಿಗೂ ಕಾಣುತ್ತಿತ್ತು.

“ಮಿಷನ್ ಸದ್ದಲ್ಲಿ ಏನ್ ಕೇಳಿಸ್ತದೆ ಸಾರ್,” ಎಂದಳು ಹನುಮಕ್ಕ, ಹೆಂಗಸರ ಮೇಸ್ತ್ರಿ.

“ಆ ಹೊತ್ನಲ್ಲಿ ಕರೆಂಟೇ ಇರಲಿಲ್ಲ. ವಿಚಾರಿಸಿದೀನಿ.” ಭುವನ್ ಎದ್ದು ಕರ್ಚೀಫು ಕೊಡವಿದ. “ಕೇಳಿಸ್ಕೊಂಡೂ ಸುಮ್ನಿದ್ರು ಅಂತ ಗೊತ್ತಾದ್ರೆ ಮಾತ್ರ ಬಿಡಲ್ಲ. ಸ್ಟೇಷನ್ನಿಗೆ ಹೋಗ್ತೀನಿ.”

ಅವನು ಒಳಗೆ ಹೋದ ಮೇಲೆ ಸಾಲಿನಲ್ಲಿ ಪಕ್ಕ ಕೂತಿದ್ದ ಪದ್ಮಶ್ರೀ ಪಿಸುಗುಟ್ಟಿದಳು. “ಈಗ್ತಾನೆ ಏನೂ ಮಾಡಲ್ಲ ಅಂದ್ನಲ್ಲಕ್ಕ.”

“ಮೊದ್ಲು ಟ್ರಸ್ಟು, ಆಮೇಲೆ ಪೊಲೀಸು ಕಣೆ,” ಎಂದಳು ಹನುಮಕ್ಕ.

*

ಸದಾಶಿವಯ್ಯ ಜನರನ್ನು ಪರೀಕ್ಷೆ ಮಾಡುತ್ತಲೇ ಬದುಕಿದವರು. ಒಳ್ಳೆಯ ಉಂಡೆ ಕೊಬ್ಬರಿಯೊಂದನ್ನು ಗೇಟಿನ ಹತ್ತಿರ ಬೀಳಿಸಿ ಕಿಟಕಿಯಲ್ಲಿ ಕಾಯುತ್ತಿದ್ದರು. ಎತ್ತಿಕೊಂಡವರು ಕಳ್ಳರು. ಎತ್ತಿ ತಂದುಕೊಟ್ಟವರು ನಾಟಕದವರು. ನೋಡದೆ ದಾಟಿ ಹೋದವರಿಗೆ ಯಜಮಾನರ ಮಾಲಿನ ಮೇಲೆ ಕಾಳಜಿಯಿಲ್ಲ.

ಹೋದ ಬೇಸಿಗೆಯಲ್ಲಿ ಅವರು ಡ್ರೈಯರ್ ಪಕ್ಕ ಕುಸಿದು ಬಿದ್ದರು. ಪದ್ಮಶ್ರೀ ಕೈಲಿದ್ದ ಚಾಕು ಬಿಸಾಡಿ ಓಡಿದಳು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸಿದಳು. ಸದಾಶಿವಯ್ಯ ಕಣ್ಣು ಬಿಟ್ಟು ಗೋಡೆ ಗಡಿಯಾರ ನೋಡಿದರು.

“ಕೆಲಸ ಬಿಟ್ಟು ಎದ್ದೋಳು ನೀನೊಬ್ಳೇನಾ? ನಿನ್ನ ಕಾಯಿ ಯಾರು ಹೆರೀತಾರೆ, ನಿಮ್ಮಪ್ಪನಾ?”

ಮಾರನೆಯ ದಿನದಿಂದ ಅವಳನ್ನು ಚಿಪ್ಪು ಹೊರುವುದಕ್ಕೆ ಹಾಕಿದರು. ಕೂತಲ್ಲಿಂದ ಏಳದೆ ಇದ್ದವರಿಗೆ ಸಂಜೆ ಟೀ ಜೊತೆ ಬನ್ನು ಕೊಡಿಸಿದರು. ಹನುಮಕ್ಕ ಎದ್ದಿರಲಿಲ್ಲ. ಬನ್ನು ತಿಂದಳು.

*

ಶೆಡ್ಡಿನ ಮೇಲಿನ ಅಟ್ಟಕ್ಕೆ ಸದಾಶಿವಯ್ಯನವರ ಹೊರತು ಇನ್ಯಾರೂ ಹತ್ತುವಂತಿರಲಿಲ್ಲ. ವರ್ಷವಿಡೀ ಅಲ್ಲಿ ಒಣಗುವ ಕಾಯಿಗಳನ್ನು ಅವರೊಬ್ಬರೇ ಒಳಗೆ ಕೊಬ್ಬರಿ ಕಳಚಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಹತ್ತಿದ ಮೇಲೆ ಅಲ್ಯುಮಿನಿಯಂ ಏಣಿಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು.

ನಿನ್ನೆ ಮಧ್ಯಾಹ್ನವೂ ಹಾಗೇ ಮಾಡಿದರು. ಕರೆಂಟು ಹೋಗಿ ಶೆಡ್ಡು ನಿಶ್ಶಬ್ದವಾದಾಗ ಮೇಲಿಂದ ಕೂಗು ಬಂತು.

“ಯಾರಾದ್ರೂ ಬನ್ರೋ. ಎದೆ ಹಿಡ್ಕಂಡದೆ.”

ಚಾಕುಗಳು ನಿಂತವು. ಪದ್ಮಶ್ರೀ ಚಿಪ್ಪಿನ ಮಂಕರಿ ಇಳಿಸಿ ಹೊರಟಳು. ಹನುಮಕ್ಕ ಅವಳ ಸೆರಗು ಹಿಡಿದು ಎಳೆದಳು.

“ಕೂತ್ಕೊಳೆ. ಈ ಸಲ ಮನೇಗೇ ಕಳಿಸ್ತಾನೆ.”

ಇನ್ನೊಮ್ಮೆ ಕೂಗು ಬಂತು. ಆಮೇಲೆ ಇಲ್ಲ.

“ನೋಡ್ದಾ? ಸುಮ್ನಾದ,” ಎಂದಳು ಹನುಮಕ್ಕ.

ಅಂದು ಎಲ್ಲರೂ ಎಂದಿಗಿಂತ ಚುರುಕಾಗಿ ಹೆರೆದರು. ಸಂಜೆ ಊಟದ ಡಬ್ಬಿಗಳನ್ನು ತೆರೆದು ಹಿಡಿದುಕೊಂಡು ಗೇಟಿನಲ್ಲಿ ತಪಾಸಣೆಗೆ ಸಾಲು ನಿಂತರು. ತಪಾಸಣೆ ಮಾಡುವ ಯಜಮಾನರು ಬರಲಿಲ್ಲ. ಹೊನ್ನವಳ್ಳಿ ಬಸ್ಸು ಬಂದು ಹೋಯಿತು. ಕತ್ತಲಾಯಿತು. ಸಾಲಿನಿಂದ ಮೊದಲು ಕದಲುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಕಾಂತೇಶ್ ಡ್ರಮ್ಮಿನ ಮೇಲೆ ಹತ್ತಿ ಅಟ್ಟಕ್ಕೆ ಇಣುಕಿದ.

*

ಹೆಣಕ್ಕೆ ವಿಭೂತಿ ಹಚ್ಚುತ್ತಿದ್ದಾಗ ಸದಾಶಿವಯ್ಯನವರ ಹೆಂಡತಿ ದ್ರಾಕ್ಷಾಯಣಮ್ಮ ಹನುಮಕ್ಕನನ್ನು ಹಿತ್ತಲಿಗೆ ಕರೆದಳು. ಗಂಡ ಸತ್ತಾಗಿನಿಂದ ಅವಳು ಅತ್ತಿರಲಿಲ್ಲ. ಬಂದವರು ಅದನ್ನು ಆಘಾತ ಎಂದುಕೊಂಡಿದ್ದರು.

“ಕೂಗಿದ್ರಾ?”

ಹನುಮಕ್ಕ ಅವಳ ಕೈಗಳನ್ನು ನೋಡಿದಳು. ಮೊಬೈಲು ಇರಲಿಲ್ಲ.

“ಕೂಗಿದ್ರು ಅಮ್ಮೋರೆ. ನಾಟಕ ಅನ್ಕೊಂಡ್ವಿ. ಪದ್ಮಶ್ರೀ ಎದ್ದಿದ್ಲು, ಎಳೆದು ಕೂರ್ಸಿದ್ದು ನಾನು. ಮಗನಿಗೆ ಹೇಳೋದಾದ್ರೆ ನನ್ನೊಬ್ಳ ಹೆಸ್ರು ಹೇಳಿ. ಆ ಹುಡುಗೀರ ಹೊಟ್ಟೆ ಮೇಲೆ ಹೊಡೀಬೇಡಿ.”

ದ್ರಾಕ್ಷಾಯಣಮ್ಮ ಒಗೆಯುವ ಕಲ್ಲಿನ ಮೇಲೆ ಕೂತಳು.

“ನಂಗೂ ಫೋನ್ ಮಾಡಿದ್ದ,” ಎಂದಳು. ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ಹನುಮಕ್ಕ ಎಂದೂ ಕೇಳಿರಲಿಲ್ಲ. “ಎದೆ ನೋವು, ಬಾರೆ ಅಂದ. ಹಿಂದೊಂದ್ಸಲ ಹಿಂಗೇ ಅಂದಿದ್ದ. ಬರಿಗಾಲಲ್ಲಿ ಓಡೋಗಿದ್ದೆ. ಮನೇಗೆ ಬೀಗ ಹಾಕ್ದೆ ಬಂದ್ಯಾ ಅಂತ ಆಳುಗಳ ಮುಂದೆ ನಕ್ಕ.”

“ನಿನ್ನೆ?”

“ಒಗ್ಗರಣೆ ಸೀದೋಗ್ತಿತ್ತು ಕಣೆ. ಇಟ್ಬುಟ್ಟೆ.”

ಒಳಗಿನಿಂದ ಮಂತ್ರ ಕೇಳಿಸುತ್ತಿತ್ತು. ದ್ರಾಕ್ಷಾಯಣಮ್ಮ ಸೆರಗಿನ ತುದಿಯನ್ನು ಹಿಂಡಿದಳು, ಅದು ಒದ್ದೆಯಾಗಿದ್ದಂತೆ.

“ಭುವನ್ ಅವರಪ್ಪನ ಫೋನ್ ತೆಗೆಯಕ್ಕೆ ಬೆಳಿಗ್ಗೆಯಿಂದ ಒದ್ದಾಡ್ತಾವ್ನೆ. ಪಾಸ್‌ವರ್ಡು ಮಗನಿಗೂ ಹೇಳಿಲ್ಲ, ಪುಣ್ಯಾತ್ಮ.”

*

ತೋಟದಲ್ಲಿ ಗುಂಡಿ ತೆಗೆದಿದ್ದರು. ಕಡೆಗೂ ಎಡಮಂಡಿ ಪೂರ್ತಿ ಮಡಚದ್ದರಿಂದ ಹೆಣ ಕೂರಿಸುವ ಗೂಡನ್ನು ಅಗಲ ಮಾಡಬೇಕಾಯಿತು. ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿ, ಐನೋರು ಮೇಲೆ ಬಂದು ಮಣ್ಣು ಹಾಕಲು ಹೇಳಿದರು.

“ಒಂದ್ನಿಮಿಷ,” ಎಂದ ಭುವನ್. “ಮೊದ್ಲು ಅಪ್ಪನ ಬಗ್ಗೆ ಟೀಮಿಗೆ ಎರಡು ಮಾತು ಹೇಳ್ಬೇಕು.” ಆಮೇಲೆ ಅಮ್ಮನ ಕಡೆ ತಿರುಗಿದ. “ಅಮ್ಮ, ಹನುಮಕ್ಕನ ಹತ್ರ ಮಾತಾಡಿದ್ಯಲ್ಲ. ಏನಂದ್ಲು? ಕೂಗಿದ್ರಂತಾ?”

ನೀಲಿ ಏಪ್ರನ್ನುಗಳು ಅಲ್ಲಾಡಲಿಲ್ಲ. ಹನುಮಕ್ಕ ಪದ್ಮಶ್ರೀಯ ಮುಂದೆ ಬಂದು ನಿಂತಳು.

“ಇಲ್ವಂತೆ ಕಣಪ್ಪ,” ಎಂದಳು ದ್ರಾಕ್ಷಾಯಣಮ್ಮ. “ಯಾರ್ನೂ ಕೂಗ್ಲಿಲ್ವಂತೆ. ಸದ್ದಿಲ್ದೆ ಹೋದ್ರು.”

“ಅವಳು ಹೇಳಿದ್ಲು ಅಂತ ನೀನು—”

“ನಾನು ಹೇಳ್ತಿದೀನಿ. ನಾನೂ ಸುಳ್ಳಿ ಅಂತೀಯಾ?”

ಭುವನ್ ಸುತ್ತ ನೋಡಿದ. ನೆಂಟರು ಅವನನ್ನೇ ನೋಡುತ್ತಿದ್ದರು. ಅವನು ಮೊಬೈಲು ತೆಗೆದು ಬರೆದುಕೊಂಡಿದ್ದ ಭಾಷಣಕ್ಕಾಗಿ ತಡಕಾಡಿದ. “ಒಬ್ಬ ಲೀಡರ್ ಅಂದ್ರೆ…” ಎಂದು ಶುರುಮಾಡುವಷ್ಟರಲ್ಲಿ ದ್ರಾಕ್ಷಾಯಣಮ್ಮ ಬಗ್ಗಿ, ಎರಡೂ ಕೈಯಿಂದ ಮಣ್ಣು ಬಾಚಿ ಗುಂಡಿಗೆ ತಳ್ಳಿದಳು.

ಪದ್ಮಶ್ರೀ ಬಾಂಡ್ಲಿ ಎತ್ತಿಕೊಂಡಳು. ಕಾಂತೇಶ್ ಸನಿಕೆಯಲ್ಲಿ ತುಂಬಿಸಿದ. ಯಾರೂ ಹೇಳದೆಯೇ ಹೆಂಗಸರು ಮಣ್ಣಿನ ರಾಶಿಯಿಂದ ಗುಂಡಿಯವರೆಗೆ ಸಾಲು ನಿಂತರು.

“ನಿಧಾನ, ನಿಧಾನ. ನಾನಿನ್ನೂ ಮುಗಿಸಿಲ್ಲ,” ಎಂದ ಭುವನ್.

ಬಾಂಡ್ಲಿಗಳು ಕೈಯಿಂದ ಕೈಗೆ ಹೋದವು. ಮುಂದಿನ ಕೈ ಎಲ್ಲಿದೆಯೆಂದು ಯಾರೂ ತಿರುಗಿ ನೋಡುತ್ತಿರಲಿಲ್ಲ. ಭುವನ್ ನಿಂತಿದ್ದ ಜಾಗದಲ್ಲಿ ಮಾತ್ರ ಸಾಲು ಸ್ವಲ್ಪ ಬಾಗಿ, ಅವನನ್ನು ಬಳಸಿಕೊಂಡು ಮುಂದೆ ಸಾಗಿತು.