ವೈರಸ್ ಇಲ್ಲದ ತಟ್ಟೆ

ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ ಒಂದು ಕಿಣ್ವ ಸಿಕ್ಕಿತ್ತು. ನಿಜವಾಗಿ ಸಿಕ್ಕಿದ್ದು ಹದಿನಾರು ವರ್ಷದಿಂದ ಅಲ್ಲಿ ಜೀವಕೋಶ ಬೆಳೆಸುತ್ತಿದ್ದ ತಂತ್ರಜ್ಞೆಗೆ. ಆದರೆ ಪತ್ರಿಕೆಯವರು ಬಂದಾಗ ಅವಳು ಒಳಗೆ ಕೋಶಗಳಿಗೆ ಆಹಾರ ಹಾಕುತ್ತಿದ್ದಳು; ಫೋಟೋದಲ್ಲಿ ಇವರು ಹಲ್ಲು ಬಿಟ್ಟರು. ನಾವೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದೆವು.

ಕಿಣ್ವ ಇರುವುದು ಬಿಳಿ ರಕ್ತಕಣಗಳಲ್ಲಿ. ವೈರಸ್ ಒಳನುಗ್ಗಿ ತನ್ನ ಜೀನ್‌ಗಳಿಂದ ಕೆಲಸ ತೆಗೆಯಲು ಹೊರಟರೆ ಅದು ಆ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಇಷ್ಟು ನಿಜ. ಮುಖ್ಯಸ್ಥರು ಇದಕ್ಕೊಂದು ಬಾಲ ಅಂಟಿಸಿದರು: "ಶತ್ರು ಯಾರು, ನಮ್ಮವರು ಯಾರು ಅಂತ ಅದಕ್ಕೆ ಗೊತ್ತು ಕಣ್ರೀ. ಕೋಶದ ಸ್ವಂತ ಜೀನ್ ಒಂದನ್ನೂ ಮುಟ್ಟಲ್ಲ." ಪರೀಕ್ಷೆ ಮಾಡಿ ನೋಡಿದ್ದರೇ? ಅಯ್ಯೋ, ದೊಡ್ಡವರಿಗೆ ಅದೆಲ್ಲ ಯಾಕೆ!

ಅಕ್ಕ ನೋಡಿದಳು. ರಕ್ತದಿಂದ ಬೇರ್ಪಡಿಸಿದ, ವೈರಸ್ಸೇ ಇಲ್ಲದ ಕೋಶಗಳ ತಟ್ಟೆಯಲ್ಲಿ ಕಿಣ್ವವನ್ನು ಹೆಚ್ಚಿಸಿದಳು. ಕೋಶದ್ದೇ ಹನ್ನೊಂದು ಜೀನ್‌ಗಳು ತೆಪ್ಪಗಾಗಿದ್ದವು.

"ಆ ತಟ್ಟೆ ಎಸೆದುಬಿಡಿ," ಎಂದರು ಮುಖ್ಯಸ್ಥರು, ಫಲಿತಾಂಶದ ಹಾಳೆ ಮುಟ್ಟದೆಯೇ. "ರಕ್ತ ಕೊಟ್ಟೋನೇ ಸರಿಯಿಲ್ಲ. ಯಾವನೋ ಕಾಯಿಲೆಯವನು ಇರ್ಬೇಕು."

"ನಿಮ್ಮದೇ ರಕ್ತ ಸರ್," ಎಂದಳು ಅಕ್ಕ. "ಮಂಗಳವಾರ ದಾನಿ ಬರ್ಲಿಲ್ಲ ಅಂತ ನೀವೇ ತೋಳು ಚಾಚಿದ್ರಲ್ಲ."

"ಹಾಗಾದ್ರೆ ಯಂತ್ರ ಕೆಟ್ಟಿದೆ," ಎಂದು ಗೊಣಗಿ ಮುಖ್ಯಸ್ಥರು ಹೊರನಡೆದರು. ಕೆಡದೆ ಉಳಿದದ್ದು ಅವರೊಬ್ಬರೇ.

ಅಕ್ಕ ಬೇರೆ ಮೂವರ ರಕ್ತದಲ್ಲಿ ಮತ್ತೆ ಮಾಡಿದಳು. ಮೂರರಲ್ಲೂ ಅದೇ ಹನ್ನೊಂದು. ಹಾಳೆಗಳನ್ನು ಸಂಸ್ಥೆಯ ನಿರ್ದೇಶಕಿಯ ಮೇಜಿನ ಮೇಲಿಟ್ಟು ಬಂದಳು.

ವಾರದ ಸಭೆಯಲ್ಲಿ ನಿರ್ದೇಶಕಿ ಆ ಮಾತು ಎತ್ತಿದ್ದೇ ತಡ, ಮುಖ್ಯಸ್ಥರು ಎದೆಯುಬ್ಬಿಸಿ ಎದ್ದರು. "ನನಗೆ ಮೊದಲಿಂದಲೂ ಈ ಅನುಮಾನ ಇತ್ತು, ಮೇಡಂ. ನಾನೇ ಮಾಡಿಸಿದೆ."

ಹಿಂದಿನ ಸಾಲಿನಿಂದ ಅಕ್ಕನ ದನಿ ಕೇಳಿಸಿತು. "ಮತ್ತೆ ತಟ್ಟೆ ಎಸೀರಿ ಅಂದಿದ್ದು ಯಾರು ಸರ್?"

ಯಾರೋ ಕಿಸಕ್ಕೆಂದರು. ಆಮೇಲೆ ಸಭೆಯೆಲ್ಲ ನಕ್ಕಿತು. ಮುಖ್ಯಸ್ಥರೂ ನಕ್ಕರು, ಬೇರೆ ಯಾರದ್ದೋ ಸುದ್ದಿ ಎನ್ನುವ ಹಾಗೆ. ನಾಚಿಕೆ ಪಡುವ ಅಭ್ಯಾಸವೇ ಅವರಿಗಿರಲಿಲ್ಲ.

ಪ್ರಬಂಧ ಅಚ್ಚಾಯಿತು. ಮೊದಲ ಹೆಸರು ಅಕ್ಕನದೇ ಆಗಬೇಕೆಂದು ನಿರ್ದೇಶಕಿ ಪಟ್ಟು ಹಿಡಿದಿದ್ದರು. ಮುಖ್ಯಸ್ಥರು ಈಗ ಊರೂರು ತಿರುಗಿ, ಕಿಣ್ವಕ್ಕೆ ಸ್ವಂತ-ಪರ ಗೊತ್ತಾಗುವುದಿಲ್ಲವೆಂದು ಅಷ್ಟೇ ಗಟ್ಟಿ ದನಿಯಲ್ಲಿ ಭಾಷಣ ಮಾಡುತ್ತಾರೆ. ಅಕ್ಕ ಮೇಲಿನ ಮಹಡಿಯ ಲ್ಯಾಬಿಗೆ ವರ್ಗ ಮಾಡಿಸಿಕೊಂಡಳು.